ಗುರುವಿಗೆ ‘ಆಗುವುದಿಲ್ಲ’ ಎಂದ ಮಗಳಿಗೆ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪತ್ರ ತಲುಪಿತು. ಆ ಗುರುವಿನ ಬಳಗ ಬಿಟ್ಟು ಬಂದ ಮೇಲೂ ನಿದ್ದೆ ಹತ್ತುತ್ತಿಲ್ಲ, ಏನು ಕೆಟ್ಟದ್ದಾದರೂ ಗುರುದ್ರೋಹದ ಫಲವೇ ಅನ್ನಿಸುತ್ತದೆ ಎಂದು ಬರೆದಿದ್ದೀಯ. ನಡೆದದ್ದು ಅನ್ಯಾಯವೋ, ನಿನ್ನ ಶ್ರದ್ಧೆಯೇ ಸಾಲದಾಯಿತೋ ಎಂದೂ ಕೇಳಿದ್ದೀಯ. ಅನ್ಯಾಯವೇ, ಮಗಳೇ.

ಕಟ್ಟುನಿಟ್ಟು ಇದ್ದ ಮಾತ್ರಕ್ಕೆ ಅದನ್ನು ದೌರ್ಜನ್ಯ ಎನ್ನಲಾಗದು. ಉಪವಾಸ, ಮೌನ, ಸೇವೆಗಳನ್ನು ಮನಸಾರೆ ಮಾಡುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ‘ನನ್ನಿಂದ ಆಗುವುದಿಲ್ಲ’ ಎಂದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ನೀನು ಪ್ರಶ್ನೆ ಕೇಳಿದರೆ ಅಹಂಕಾರ ಎಂದರು, ದಣಿದರೆ ಭಕ್ತಿ ಕಡಿಮೆ ಎಂದರು, ತವರಿಗೆ ಹೊರಟರೆ ಮೋಹ ಎಂದರು. ಅವರು ಸಿಟ್ಟಿಗೆದ್ದು ಬೈದರೆ ಮಾತ್ರ ಅದು ಕೃಪೆ! ಎಲ್ಲ ದಾರಿಯೂ ನಿನ್ನ ದೋಷಕ್ಕೇ ಬಂದು ನಿಲ್ಲುವ ಕಡೆ ಗುರು ಉತ್ತರ ಕೊಡಬೇಕಾದ ಪ್ರಸಂಗವೇ ಬರುವುದಿಲ್ಲ.

ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್, ಚೀನಾದಲ್ಲಿ ಬಲವಂತದ ‘ವಿಚಾರ ಸುಧಾರಣೆ’ಗೆ, ಅಂದರೆ ಒತ್ತಡ ಹೇರಿ ಜನರ ನಂಬಿಕೆಗಳನ್ನೇ ಬದಲಿಸುವ ಕ್ರಮಕ್ಕೆ, ಸಿಕ್ಕಿ ಹೊರಬಂದವರನ್ನು ಮಾತಾಡಿಸಿ, 1961ರಲ್ಲಿ ಆ ಅಧ್ಯಯನವನ್ನು ಪ್ರಕಟಿಸಿದರು. ಅದು ರಾಜಕೀಯದ ವಿಷಯ. ಆದರೂ ಅವರು ಗುರುತಿಸಿದ ಲಕ್ಷಣಗಳನ್ನು ಓದುವಾಗ ನಿನ್ನ ಪತ್ರವೇ ಕಣ್ಣ ಮುಂದಿತ್ತು: ಹೊರಗಿನ ಮಾತು ಒಳಗೆ ಬಾರದಂತೆ ಕಾಯುವುದು, ಮನುಷ್ಯರ ಅನುಭವಕ್ಕಿಂತ ಸಿದ್ಧಾಂತವೇ ದೊಡ್ಡದೆನ್ನುವುದು, ಮುಗಿಯದ ತಪ್ಪೊಪ್ಪಿಗೆ. ನನ್ನ ಮಟ್ಟಿಗೆ ಈ ಕೊನೆಯದೇ ಅತ್ಯಂತ ಕ್ರೂರ. ಮನಸ್ಸು ಹಗುರಾಗಲೆಂದು ನಂಬಿ ಹೇಳಿಕೊಂಡ ಗುಟ್ಟುಗಳೇ ಆಮೇಲೆ ನಿನ್ನ ಬಾಯಿ ಮುಚ್ಚಿಸಲು ಬಳಕೆಯಾದವು. ಆ ನಾಚಿಕೆ ನಿನ್ನದಲ್ಲ. ನಂಬಿಕೆಗೆ ಎರಡು ಬಗೆದವರು ಹೊರಬೇಕಾದದ್ದು.

ಈಗಿನ ಭಯದ ಮಾತು. ಶಾಪ ತಟ್ಟೀತೆಂದು ವರ್ಷಗಟ್ಟಲೆ ಕೇಳಿದ ಮೈ, ಬುದ್ಧಿ ಒಪ್ಪದಿದ್ದರೂ ನಡುಗುತ್ತದೆ. ನಡುಗಿದ್ದೇ ಶಾಪಕ್ಕೆ ಸಾಕ್ಷಿ ಎಂದುಕೊಳ್ಳಬೇಡ. ಆಘಾತದಿಂದ ಚೇತರಿಸಿಕೊಳ್ಳುವ ಬಗ್ಗೆ 1992ರಲ್ಲಿ ಬರೆದ ಮನೋವೈದ್ಯೆ ಜೂಡಿತ್ ಹರ್ಮನ್, ಸುರಕ್ಷತೆಯನ್ನು ಎಲ್ಲಕ್ಕಿಂತ ಮೊದಲಿಟ್ಟರು. ನೆನೆದು ದುಃಖಿಸುವುದು ಅದರ ನಂತರ, ಬದುಕಿನ ಜತೆ ಮತ್ತೆ ಬೆಸೆದುಕೊಳ್ಳುವುದು ಆಮೇಲೆ. ಆದ್ದರಿಂದ ಸದ್ಯ ಬಳಗದವರ ಕರೆಗಳಿಗೆ ಉತ್ತರಿಸಬೇಡ. ‘ಒಮ್ಮೆ ಬಂದು ಮಾತಾಡಿ ಹೋಗು’ ಎಂದರೂ ಒಬ್ಬಳೇ ಹೋಗಬೇಡ. ನಡೆದದ್ದನ್ನು ಅವರ ಪಾರಿಭಾಷಿಕ ಪದಗಳಿಲ್ಲದೆ, ನಿನ್ನ ಮಾತಿನಲ್ಲಿ, ತಾರೀಖು ಹಾಕಿ ಬರೆದಿಡು. ಹಣ ಕಿತ್ತುಕೊಂಡಿದ್ದರೆ, ಮೈಮುಟ್ಟಿದ್ದರೆ ಅದು ಅಪರಾಧ. ದೂರು ಕೊಡುವುದೋ ಬೇಡವೋ ನೀನೇ ತೀರ್ಮಾನಿಸು. ಕೊಡುವುದಾದರೆ ಜತೆಗೆ ನಾನಿರುತ್ತೇನೆ. ಆಪ್ತಸಲಹೆಗಾರರನ್ನು ನೋಡುವಾಗ ನಂಬಿಕೆಯನ್ನು ಹಂಗಿಸುವವರೂ ಬೇಡ, ಇನ್ನೊಂದು ನಂಬಿಕೆಗೆ ಎಳೆಯುವವರೂ ಬೇಡ.

ಅಲ್ಲಿನ ಗೆಳತಿಯರು, ಒಟ್ಟಿಗೆ ಹಾಡಿದ ಸಂಜೆಗಳು ನೆನಪಾಗಿ ಅಳು ಬರುತ್ತದೆ ಎಂದೆಯಲ್ಲ, ಅಳು. ಆ ಪ್ರೀತಿಯೂ ಸುಳ್ಳಲ್ಲ. ಕಳೆದುಕೊಂಡದ್ದಕ್ಕೆ ದುಃಖಪಟ್ಟರೆ ಬಿಟ್ಟು ಬಂದದ್ದು ತಪ್ಪಾಯಿತೆಂದು ಅರ್ಥವಲ್ಲ. ಕ್ಷಮಿಸಿಬಿಡು ಎಂದು ಯಾರಾದರೂ ಅವಸರಪಡಿಸಿದರೆ ನನ್ನ ಹತ್ತಿರ ಕಳಿಸು. ದೇವರು ಬೇಕೋ ಬೇಡವೋ ಎಂಬುದನ್ನೂ ಈಗಲೇ ನಿರ್ಧರಿಸಬೇಕಿಲ್ಲ. ಪ್ರಾರ್ಥನೆಗೆ ಕೂತರೆ ಎದೆ ಹೊಡೆದುಕೊಳ್ಳುವುದಾದರೆ ಎದ್ದುಬಿಡು.

ನಿದ್ದೆಯ ವಿಷಯಕ್ಕೆ ಈ ವಾರವೇ ವೈದ್ಯರನ್ನು ಕಾಣು. ಏನೆಂದರು ಎಂದು ಬರೆ.

ಇಂತಿ,
ನಿನ್ನ ದೊಡ್ಡಮ್ಮ