ಆ್ಯಪ್ ನೋಡಿದರೆ ಸಾಲದು, ಅಂಬು ಬ್ಯಾಗ್‌ಗೆ ಕೈ ಪಳಗಬೇಕು

ಮಾನ್ಯರೇ,

ಆಗತಾನೇ ಹುಟ್ಟಿದ ಮಗುವಿನ ಆರೈಕೆಯನ್ನು ವೈದ್ಯರಿಗೂ ಶುಶ್ರೂಷಾಧಿಕಾರಿಗಳಿಗೂ ಮೊಬೈಲ್ ಆ್ಯಪ್‌ಗಳ ಮೂಲಕ ಕಲಿಸುವುದು ಈಗ ಹೊಸದೇನಲ್ಲ. ಅದು ಬೇಡ ಎನ್ನುವವರೂ ನಾವಲ್ಲ. ಆದರೆ ಆ್ಯಪ್‌ನಲ್ಲಿ ಪಾಠ ಮುಗಿಸಿ ಪ್ರಮಾಣಪತ್ರ ಇಳಿಸಿಕೊಂಡವರನ್ನೆಲ್ಲ ‘ತರಬೇತಿ ಪಡೆದವರು’ ಎಂದು ಲೆಕ್ಕಕ್ಕೆ ಹಿಡಿಯುವುದಕ್ಕೆ ನಮ್ಮ ತಕರಾರಿದೆ.

ಹುಟ್ಟಿದ ಮಗು ಅಳದಿದ್ದರೆ ಇರುವ ಸಮಯ 60 ಸೆಕೆಂಡು. ಬೆಚ್ಚಗಿನ ಬಟ್ಟೆಯಿಂದ ಒರೆಸಬೇಕು, ಬೆನ್ನು ತಿಕ್ಕಬೇಕು, ಕತ್ತು ಸರಿಯಾಗಿಡಬೇಕು. ಬಾಯಿ, ಮೂಗು ಕಟ್ಟಿಕೊಂಡಿದ್ದರೆ ಮಾತ್ರ ಮೊದಲು ಬಾಯಿ, ಆಮೇಲೆ ಮೂಗಿನಿಂದ ದ್ರವ ಹೀರಿ ತೆಗೆಯಬೇಕು. ಆಗಲೂ ಉಸಿರಾಡದಿದ್ದರೆ ಆ ನಿಮಿಷ ಮುಗಿಯುವುದರೊಳಗೆ ಅಂಬು ಬ್ಯಾಗ್ (ಮುಖಕ್ಕಿಟ್ಟ ಮಾಸ್ಕ್ ಮೂಲಕ ಶ್ವಾಸಕೋಶಕ್ಕೆ ಗಾಳಿ ತುಂಬುವ, ಕೈಯಿಂದ ಹಿಂಡುವ ಚೀಲ) ಒತ್ತಲು ಶುರು ಮಾಡಿರಬೇಕು. ಈ ಅನುಕ್ರಮವನ್ನು ಆ್ಯಪ್‌ನ ವಿಡಿಯೊ ಪುಸ್ತಕಕ್ಕಿಂತ ಚೆನ್ನಾಗಿ ಮನಸ್ಸಿಗೆ ಕೂರಿಸುತ್ತದೆ. ಮಾಸ್ಕ್ ಅಂಚಿನಿಂದ ಗಾಳಿ ಸೋರುತ್ತಿದೆಯೇ ಎಂಬುದು ಮಾತ್ರ ಬೆರಳಿಗೇ ತಿಳಿಯಬೇಕು.

ಬ್ಯಾಗ್ ಒತ್ತಿದರೂ ಎದೆ ಏಳದಿರುವುದಕ್ಕೆ ಬಹಳ ಸಲ ಕಾರಣ ಚಿಕ್ಕದೇ. ಪೂರ್ಣಾವಧಿಯ ಮಗುವಿಗೆ 1ನೇ ಅಳತೆಯ ಮಾಸ್ಕ್, ಅವಧಿಗೆ ಮುನ್ನ ಹುಟ್ಟಿದ್ದಕ್ಕೆ 0 ಅಳತೆ. ಅದು ಗದ್ದದ ತುದಿ, ಬಾಯಿ, ಮೂಗನ್ನು ಮುಚ್ಚಬೇಕು, ಕಣ್ಣಿನ ಮೇಲೆ ಏರಬಾರದು. ಕತ್ತು ಮುಂದಕ್ಕೆ ಬಾಗಿದರೂ ಗಾಳಿದಾರಿ ಮುಚ್ಚುತ್ತದೆ, ತೀರಾ ಹಿಂದಕ್ಕೆ ಚಾಚಿದರೂ ಮುಚ್ಚುತ್ತದೆ. ಭುಜದ ಕೆಳಗೆ ಮಡಚಿದ ಬಟ್ಟೆಯೊಂದು ಇಟ್ಟರೆ ಅರ್ಧ ಸಮಸ್ಯೆ ಕಳೆಯಿತು. ಒತ್ತುವ ವೇಗ ನಿಮಿಷಕ್ಕೆ 40ರಿಂದ 60. ಗಾಬರಿಯಲ್ಲಿ ಕೈ ಇದರ ದುಪ್ಪಟ್ಟು ಓಡುತ್ತದೆ. ಅದಕ್ಕೇ ‘ಒತ್ತು, ಎರಡು, ಮೂರು’ ಎಂದು ಬಾಯಲ್ಲಿ ಎಣಿಸುವ ಅಭ್ಯಾಸ.

ಬ್ಯಾಗ್‌ನದೇ ಇನ್ನೊಂದು ಕಥೆ. ಹಸುಗೂಸಿಗೆ ಬೇಕಾದದ್ದು 240ರಿಂದ 500 ಮಿ.ಲೀ. ಗಾತ್ರದ್ದು. 3 ಕಿಲೋ ಮಗುವಿನ ಒಂದು ಉಸಿರಿಗೆ 20 ಮಿ.ಲೀ. ಗಾಳಿಯೂ ಹಿಡಿಸುವುದಿಲ್ಲ. ದೊಡ್ಡವರ ಬ್ಯಾಗ್ ಕೈಗೆ ಸಿಕ್ಕಿತೆಂದು ಅದನ್ನೇ ಒತ್ತಿದರೆ ಶ್ವಾಸಕೋಶ ಒಡೆಯುವ ಅಪಾಯವಿದೆ. ತೊಳೆದು ಮತ್ತೆ ಜೋಡಿಸುವಾಗ ಒಳಗಿನ ವಾಲ್ವ್ ತಿರುವುಮುರುವಾದರೂ ಬ್ಯಾಗ್ ನೋಡಲು ಸರಿಯಾಗಿಯೇ ಇರುತ್ತದೆ, ಮಗುವಿಗೆ ಮಾತ್ರ ಗಾಳಿ ಹೋಗುವುದಿಲ್ಲ. ಪರೀಕ್ಷೆಗೆ ಹತ್ತು ಸೆಕೆಂಡು ಸಾಕು: ಮಾಸ್ಕ್ ಅನ್ನು ಅಂಗೈಗೆ ಬಿಗಿಯಾಗಿ ಒತ್ತಿ ಬ್ಯಾಗ್ ಹಿಂಡಿ. ಅಂಗೈಗೆ ಒತ್ತಡ ತಿಳಿಯಬೇಕು, ಜೋರಾಗಿ ಹಿಂಡಿದಾಗ ಸುರಕ್ಷಾ ವಾಲ್ವ್ ‘ಸುಸ್ಸ್’ ಎನ್ನಬೇಕು, ಕೈ ಬಿಟ್ಟೊಡನೆ ಬ್ಯಾಗ್ ಉಬ್ಬಬೇಕು. ಪ್ರತಿ ಹೆರಿಗೆಗೂ ಮುನ್ನ ಇದನ್ನು ಮಾಡಲೇಬೇಕು. ಪರದೆಯ ಮೇಲೆ ನೂರು ಸಲ ನೋಡಿದ್ದರೂ ಕೈಯಲ್ಲಿ ಒಮ್ಮೆಯೂ ಮಾಡದವರಿಗೆ ಆ ಹೊತ್ತಿನಲ್ಲಿ ಇದು ಹೊಳೆಯುವುದಿಲ್ಲ.

ಹಾಗಾದರೆ ಆ್ಯಪ್‌ನ ಜಾಗ ಎಲ್ಲಿ? 2009ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಎರಡು ದಿನದ ತರಬೇತಿ ಒಳ್ಳೆಯದೇ. ಆದರೆ ಕಲಿತದ್ದು ಬಳಸದಿದ್ದರೆ ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. ಒಂದು ತರಬೇತಿಗೂ ಮುಂದಿನ ತರಬೇತಿಗೂ ನಡುವಿನ ಅಂತರವನ್ನು ತುಂಬುವುದು ಆ್ಯಪ್‌ನ ಕೆಲಸ. ವಾಣಿವಿಲಾಸದಂಥ ದೊಡ್ಡ ಆಸ್ಪತ್ರೆಯಲ್ಲಿ ಕೇಳಲು ಹಿರಿಯರಿರುತ್ತಾರೆ. ಊರಾಚೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿಯ ವೈದ್ಯೆಗೆ ಫೋನೇ ಹಿರಿಯಕ್ಕ. ಹೃದಯ ಬಡಿತಕ್ಕೆ ತಕ್ಕಂತೆ ಪರದೆ ತಟ್ಟಿದರೆ ವೇಗ ಲೆಕ್ಕ ಹಾಕಿಕೊಡುವ ಸೌಲಭ್ಯವೂ ಉಪಯುಕ್ತ. ಅದಿಲ್ಲದಿದ್ದರೆ 6 ಸೆಕೆಂಡು ಎಣಿಸಿ ಹತ್ತರಿಂದ ಗುಣಿಸಿದರಾಯಿತು. ಅಂದಹಾಗೆ, ಫೋನ್ ಮುಟ್ಟಿದ ಗ್ಲೌಸ್‌ನಲ್ಲೇ ಮಗುವನ್ನು ಮುಟ್ಟಬಾರದು. ಟೈಮರ್ ನೋಡಿಕೊಳ್ಳಲು ಇನ್ನೊಬ್ಬರಿರಲಿ, ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ.

ಔಷಧದ ಲೆಕ್ಕದಲ್ಲಿ ಮಾತ್ರ ಆ್ಯಪ್ ಎಡವಿಸಬಲ್ಲದು. ಹೃದಯ ಬಡಿತ ಏರಿಸುವ ಅಡ್ರಿನಲಿನ್‌ನ ಆಂಪೂಲ್‌ನಲ್ಲಿ (ಔಷಧದ ಪುಟ್ಟ ಗಾಜಿನ ಸೀಸೆಯಲ್ಲಿ) 1 ಮಿ.ಲೀ.ಗೆ 1 ಮಿ.ಗ್ರಾಂ ಇರುತ್ತದೆ. ಅದಕ್ಕೆ 9 ಮಿ.ಲೀ. ಸಲೈನ್ ಬೆರೆಸಿ ಹತ್ತುಪಟ್ಟು ತೆಳು ಮಾಡಿದ ಮೇಲೆ, ರಕ್ತನಾಳಕ್ಕೆ ಕಿಲೋಗೆ 0.2 ಮಿ.ಲೀ.ನಂತೆ 3 ಕಿಲೋ ಮಗುವಿಗೆ ಕೊಡುವುದು 0.6 ಮಿ.ಲೀ. ಆ್ಯಪ್ ಬರೀ ‘0.06 ಮಿ.ಗ್ರಾಂ’ ಎಂದು ತೋರಿಸಿ ಸುಮ್ಮನಾದರೆ ದಶಾಂಶ ಚುಕ್ಕೆ ಜಾರಿ ಹತ್ತುಪಟ್ಟು ಔಷಧ ಸಿರಿಂಜ್ ಸೇರುವುದು ಸುಲಭ. ಸೋಂಕಿಗೆ ಕೊಡುವ ಜೆಂಟಾಮೈಸಿನ್ ಕೂಡ ಹಾಗೆಯೇ: ಮಿ.ಲೀ.ಗೆ 10 ಮಿ.ಗ್ರಾಂ ಇರುವ ವಯಲ್ ಇದೆ, 40 ಮಿ.ಗ್ರಾಂ ಇರುವುದೂ ಇದೆ. ಕೈಯಲ್ಲಿರುವುದು ಯಾವುದು ಎಂದು ಆ್ಯಪ್ ಮೊದಲು ಕೇಳಬೇಕು, ಆಮೇಲೆ ಮಿ.ಲೀ.ನಲ್ಲಿ ಉತ್ತರ ಕೊಡಬೇಕು.

ಹಳಸಿದ ಪಾಠಗಳದ್ದೂ ಕಾಟವಿದೆ. ಗರ್ಭದಲ್ಲೇ ಮಲ ಮಾಡಿಕೊಂಡು ನಿತ್ರಾಣವಾಗಿ ಹುಟ್ಟಿದ ಮಗುವಿಗೆಲ್ಲ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ಹೀರುವ ರೂಢಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಗಳು 2015ರಲ್ಲೇ ಕೈಬಿಟ್ಟವು. ಹಳೆಯ ವಿಡಿಯೊ ನೋಡಿ ಕಲಿತವರು ಬ್ಯಾಗ್ ಒತ್ತಬೇಕಾದ ಹೊತ್ತನ್ನು ಇದರಲ್ಲೇ ಕಳೆಯುತ್ತಾರೆ. ಯಾವ ವರ್ಷದ ಮಾರ್ಗಸೂಚಿ ಎಂಬುದು ಆ್ಯಪ್‌ನ ಮೊದಲ ಪರದೆಯಲ್ಲೇ ಕಾಣಬೇಕು.

ಆರೋಗ್ಯ ಸೌಧದವರಲ್ಲಿ, ಅಂದರೆ ರಾಜ್ಯದ ಆರೋಗ್ಯ ಇಲಾಖೆಯಲ್ಲಿ, ನಮ್ಮ ವಿನಂತಿ ಇಷ್ಟು. ಆ್ಯಪ್ ಕನ್ನಡದಲ್ಲಿರಲಿ, ನೆಟ್‌ವರ್ಕ್ ಇಲ್ಲದೆಯೂ ನಡೆಯಲಿ. ಪ್ರತಿ ಲೇಬರ್ ವಾರ್ಡ್‌ನಲ್ಲೂ ಒಂದು ಅಭ್ಯಾಸದ ಬೊಂಬೆ, ಅದಕ್ಕೇ ಮೀಸಲಾದ ಒಂದು ಅಂಬು ಬ್ಯಾಗ್ ಇರಲಿ. ಪಾಳಿ ಬದಲಾಗುವಾಗ ಆ್ಯಪ್‌ನ ಟೈಮರ್ ಹಾಕಿಕೊಂಡು ಒಬ್ಬರು ಎರಡು ನಿಮಿಷ ಅಭ್ಯಾಸ ಮಾಡಲಿ, ಜೊತೆಯವರು ಪಟ್ಟಿ ನೋಡಿ ತಪ್ಪು ಹೇಳಲಿ. ವೈದ್ಯರಿಗೂ ಇದರಿಂದ ವಿನಾಯಿತಿ ಬೇಡ. ಮೂರು ತಿಂಗಳಿಗೊಮ್ಮೆ ಬೊಂಬೆಯ ಎದೆ ಎಬ್ಬಿಸಿ ತೋರಿಸಿದವರಿಗಷ್ಟೇ ಪ್ರಮಾಣಪತ್ರ ಸಿಗಲಿ. ಬೊಂಬೆ ಖರೀದಿಯ ಆದೇಶದಲ್ಲೇ ಬಿಡಿಭಾಗಗಳ ಬಾಬ್ತನ್ನೂ ಸೇರಿಸಬೇಕು. ಅದರೊಳಗಿನ ಗಾಳಿಚೀಲ ಹರಿದ ದಿನವೇ ಬದಲಿ ಸಿಗದಿದ್ದರೆ ಬೊಂಬೆ ಬೀರು ಸೇರುತ್ತದೆ, ಬೀಗದ ಕೈ ಯಾರ ಹತ್ತಿರ ಇದೆಯೆಂದು ಹುಡುಕುವುದೇ ಆಮೇಲಿನ ಕೆಲಸವಾಗುತ್ತದೆ.

– ನವಜಾತ ಶಿಶು ಆರೈಕೆಯ ತರಬೇತುದಾರರು, ಬೆಂಗಳೂರು