ಅಕ್ಕನ ಮಗಳಿಗೆ, ಕರೆಂಟಿನ ಬಗ್ಗೆ

ಚಿ. ಸುಮಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಉಳಿದ ಸುದ್ದಿಗಳಿಗೆಲ್ಲ ಆಮೇಲೆ ಉತ್ತರಿಸುತ್ತೇನೆ. ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಒಂದು ಸಾಲು ನನಗೆ ನಿದ್ದೆ ಮಾಡಲು ಬಿಟ್ಟಿಲ್ಲ. "ಊರಿಗೆ ಊರೇ ಕತ್ತಲಾದ ದಿನ, ಈ ನಾಲ್ಕನೆಯ ಮಹಡಿಯಲ್ಲಿ ಅಮ್ಮ ಆಮ್ಲಜನಕದ ಯಂತ್ರದ ಬಲದಿಂದ ಉಸಿರಾಡುತ್ತಿದ್ದಾಳೆಂದು ಯಾರಿಗೆ ಗೊತ್ತಿರುತ್ತದೆ ಮಾವ?" ಎಂದು ಕೇಳಿದ್ದೀಯೆ.

ಹೆದರಬೇಡ ಎಂದು ಬರೆಯಲು ಕುಳಿತೆ, ಕೈ ಓಡಲಿಲ್ಲ. ಬೇರೆ ಯಾರಾದರೂ ಹಾಗೆ ಬರೆಯಬಹುದು; ಸಬ್‌ಸ್ಟೇಷನ್ನಿನಲ್ಲಿ ಆಯುಷ್ಯ ಕಳೆದವನಿಗೆ ಆಗುವುದಿಲ್ಲ. ಯಾರಿಗೂ ಗೊತ್ತಿರುವುದಿಲ್ಲ, ಸುಮಾ. ನಾವಾಗಿ ತಿಳಿಸದ ಹೊರತು ಗೊತ್ತಾಗುವುದೂ ಇಲ್ಲ.

ನಮ್ಮ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಆವರ್ತನವನ್ನು, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದನ್ನು, ತೋರಿಸುವ ಮೀಟರ್ ಇತ್ತು. ಮುಳ್ಳು 50 ಹರ್ಟ್ಸ್‌ನ ಆಸುಪಾಸಿನಲ್ಲೇ ಇರಬೇಕು. ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣಕ್ಕೂ ಸರಿದೂಗುತ್ತಿರಬೇಕು, ಬಳಕೆ ಮಿತಿಮೀರಿದರೆ ಮುಳ್ಳು ಇಳಿಯುತ್ತದೆ. ತೀರ ಇಳಿದರೆ ಜನರೇಟರುಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. ಅಷ್ಟರೊಳಗೆ ಕೆಲವು ಫೀಡರುಗಳನ್ನು, ಅಂದರೆ ಒಂದೊಂದು ಭಾಗಕ್ಕೆ ಕರೆಂಟು ಒಯ್ಯುವ ಲೈನುಗಳನ್ನು, ರಿಲೇ ಎಂಬ ಕಾವಲು ಸಾಧನಗಳೇ ಕಡಿದುಹಾಕುತ್ತವೆ. ಅದೂ ಸಾಲದಿದ್ದರೆ ಮೇಲಿನಿಂದ ಫೋನ್ ಬರುತ್ತದೆ, ಇಷ್ಟು ಮೆಗಾವ್ಯಾಟ್ ಇಳಿಸಿ ಎಂದು. ಲೈನಿನ ದೊಡ್ಡ ಸ್ವಿಚ್ಚಾದ ಬ್ರೇಕರ್ ತೆಗೆದು ಲಾಗ್‌ಬುಕ್ಕಿನಲ್ಲಿ ವೇಳೆ ಬರೆಯುತ್ತಿದ್ದೆವು. ಆಸ್ಪತ್ರೆಯ ಫೀಡರನ್ನೂ ನೀರಿನ ಪಂಪ್‌ಹೌಸಿನ ಫೀಡರನ್ನೂ ಆದಷ್ಟು ಮುಟ್ಟುತ್ತಿರಲಿಲ್ಲ. ಉಳಿದವು ನಮಗೆ ಬರೀ ಸಂಖ್ಯೆಗಳು. ಆ ಸಂಖ್ಯೆಗಳ ಆಚೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ಯೋಚಿಸುವ ಪದ್ಧತಿಯೇ ಇರಲಿಲ್ಲ. ಈಗ ಅಂಥದೇ ಒಂದು ಸಂಖ್ಯೆಯ ಆಚೆ ನನ್ನ ಅಕ್ಕ ಇದ್ದಾಳೆ.

ದೊಡ್ಡ ಜಾಲಗಳು ಬೀಳುವುದಿಲ್ಲ ಎಂದು ಸುಳ್ಳು ಹೇಳಲಾರೆ. 1965ರ ನವೆಂಬರ್ 9ರಂದು ನಯಾಗರದ ಬಳಿಯ ಒಂದು ವಿದ್ಯುತ್ ಕೇಂದ್ರದಲ್ಲಿ ಒಂದು ರಿಲೇ ಲೈನನ್ನು ಕಡಿದದ್ದೇ ನೆಪವಾಗಿ ಅಮೆರಿಕ, ಕೆನಡಾಗಳ ಸುಮಾರು 3 ಕೋಟಿ ಜನ ಕತ್ತಲಲ್ಲಿ ಮುಳುಗಿದರು. 2003ರ ಆಗಸ್ಟ್ 14ರಂದು ಅದೇ ಭಾಗದಲ್ಲಿ ಜೋತುಬಿದ್ದ ತಂತಿಗಳು ಮರಕ್ಕೆ ತಾಗಿದವು, ಎಚ್ಚರಿಸಬೇಕಾದ ಸಾಫ್ಟ್‌ವೇರ್ ಸುಮ್ಮನೆ ಕುಳಿತಿತ್ತು. ಆ ಸಲ ಸುಮಾರು 5 ಕೋಟಿ ಜನ. 2012ರ ಜುಲೈ 31ರಂದು ಭಾರತದಲ್ಲಿ ಕತ್ತಲಾದ ಪ್ರದೇಶದಲ್ಲಿ 60 ಕೋಟಿಗೂ ಹೆಚ್ಚು ಜನರಿದ್ದರು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ಗಳಲ್ಲಿ ಹಾಡಹಗಲೇ ರೈಲು, ಸಿಗ್ನಲ್‌ಗಳು ನಿಂತವು, ಮೊಬೈಲ್ ಸಂಪರ್ಕ ಹಲವೆಡೆ ಕಡಿಯಿತು. ಇಷ್ಟಾದರೂ ಪ್ರತಿ ಸಲವೂ ಜಾಲವನ್ನು ಎತ್ತಿ ನಿಲ್ಲಿಸಿದ್ದಾರೆ. ಹೊರಗಿನ ವಿದ್ಯುತ್ತಿನ ಹಂಗಿಲ್ಲದೆ ಸುತ್ತಬಲ್ಲ ಜಲವಿದ್ಯುತ್ ಘಟಕವನ್ನು ಮೊದಲು ಹೊರಡಿಸಿ, ಅದರಿಂದ ಒಂದು ಲೈನಿಗೆ ಜೀವ ಕೊಟ್ಟು, ಆ ಲೈನಿನಿಂದ ಇನ್ನೊಂದು ಕೇಂದ್ರವನ್ನು ಎಬ್ಬಿಸುತ್ತಾರೆ. ಅವಸರ ಮಾಡಿದರೆ ಮತ್ತೆ ಬೀಳುತ್ತದೆ. ಸ್ಪೇನಿನಲ್ಲಿ ಮರುದಿನ ಬೆಳಗಾಗುವಷ್ಟರಲ್ಲಿ ಬಹುತೇಕ ಎಲ್ಲ ಕಡೆ ದೀಪ ಬಂದಿತ್ತು.

ಮರುದಿನದ ಬೆಳಗು ತೆಗೆದುಕೊಂಡು ಅಕ್ಕ ಏನು ಮಾಡಬೇಕು? ನಡುವಿನ ಆ ಗಂಟೆಗಳ ಮಾತಲ್ಲವೇ ನಿನ್ನದು. ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇನೆ.

ನಮ್ಮಪ್ಪನಿಗೆ ಕೊನೆಕೊನೆಗೆ ಕಣ್ಣು ಮಂಜಾಗಿತ್ತು, ಕತ್ತಲಾದರೆ ಗಾಬರಿಪಡುತ್ತಿದ್ದರು. ಗಾಳಿಮಳೆಯ ರಾತ್ರಿಗಳಲ್ಲಿ ನಾನು ಪಾಳಿಯ ಮೇಲಿರುತ್ತಿದ್ದೆ. ಅಕ್ಕ ಅವರ ಕೈ ಹಿಡಿದು ಕುಳಿತು, "ತಮ್ಮ ಅಲ್ಲೇ ಇದ್ದಾನೆ, ಈಗ ಹಾಕುತ್ತಾನೆ" ಎನ್ನುತ್ತಿದ್ದಳಂತೆ. ಹಾಕುವುದು ನನ್ನ ಕೈಯಲ್ಲಿ ಎಲ್ಲಿತ್ತು? ಊರಾಚೆ ಯಾವುದೋ ಕಂಬದ ಮೇಲೆ ಲೈನ್‌ಮನ್ ನೆನೆಯುತ್ತಿರುತ್ತಿದ್ದ. ಅವನು ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದ ಲೈನಿನಲ್ಲಿ ಕೆಲಸ ಮಾಡುವ ಅನುಮತಿ, ಪಡೆದಿದ್ದರೆ ಅವನ ಹೆಸರು ನಮ್ಮ ಪುಸ್ತಕದಲ್ಲಿರುತ್ತದೆ, ಬ್ರೇಕರಿಗೆ ಕೆಲಸ ನಡೆಯುತ್ತಿದೆ ಎಂಬ ಫಲಕ ತೂಗುತ್ತಿರುತ್ತದೆ. ಅವನು ಕೆಳಗಿಳಿದು, ಸುರಕ್ಷತೆಗೆಂದು ಲೈನನ್ನು ನೆಲಕ್ಕೆ ಜೋಡಿಸಿದ ಅರ್ತಿಂಗ್ ತೆಗೆದು, ತಾನೇ ತನ್ನ ಹೆಸರು ಹೇಳಿ ಲೈನ್ ಕ್ಲಿಯರ್ ಹಿಂತಿರುಗಿಸುವವರೆಗೆ ಯಾರೇ ಫೋನ್ ಮಾಡಿ ಬೈದರೂ ಬ್ರೇಕರ್ ಹಾಕುವ ಹಾಗಿಲ್ಲ. ಒಬ್ಬನ ಹೆಸರಿಗಾಗಿ ಊರೆಲ್ಲ ಕಾಯುತ್ತಿತ್ತು. ಅಂಥ ಒಂದು ರಾತ್ರಿಯಾದರೂ ನಾನು ಅಪ್ಪನ ಪಕ್ಕದಲ್ಲಿರಲಿಲ್ಲ ಎಂಬ ಕೊರಗು ಈಗಲೂ ಹೋಗಿಲ್ಲ. ಅದಿರಲಿ.

ನಿನ್ನ ಪತ್ರ ಓದಿದಾಗಿನಿಂದ ಆ ಪುಸ್ತಕವೇ ಕಣ್ಣಮುಂದೆ ಬರುತ್ತಿದೆ. ಅಕ್ಕನ ಹೆಸರೂ ಯಾವುದಾದರೊಂದು ಪುಸ್ತಕದಲ್ಲಿ ಇರಬೇಕು. ಬ್ರಿಟನ್ನಿನಲ್ಲಿ ಇದಕ್ಕೆಂದೇ ಒಂದು ನೋಂದಣಿ ಇದೆ; ಮನೆಯಲ್ಲಿ ಇಂಥ ಯಂತ್ರ ಇರುವವರಿಗೆ ಕರೆಂಟು ತೆಗೆಯುವ ಮುನ್ನವೇ ತಿಳಿಸುತ್ತಾರೆ. ಆಸ್ಟ್ರೇಲಿಯದಲ್ಲೂ ಇದೆ. ನಿನ್ನಲ್ಲಿ ಅಂಥ ವ್ಯವಸ್ಥೆ ಇರಲಿ, ಬಿಡಲಿ, ನೀನಂತೂ ವಿದ್ಯುತ್ ಕಚೇರಿಗೆ ಹೋಗು. ವೈದ್ಯರ ಪತ್ರದ ಪ್ರತಿಯೊಂದಿಗೆ ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡು ಬಾ. ನಿಮ್ಮ ಮನೆ ಯಾವ ಫೀಡರಿನಲ್ಲಿದೆ, ಯಾವ ಟ್ರಾನ್ಸ್‌ಫಾರ್ಮರಿನಲ್ಲಿದೆ ಎಂದು ಕೇಳು. ಮೊದಲ ದಿನ ಯಾರೂ ಹೇಳದಿದ್ದರೆ ಬೇಸರಪಡಬೇಡ, ಲೈನ್‌ಮನ್ನನ್ನು ಕೇಳು. ಕಾಗದ ಕಡತದಲ್ಲಿ ಕಳೆದುಹೋದರೂ ಅವನು ನೆನಪಿಟ್ಟುಕೊಳ್ಳುತ್ತಾನೆ; ಆ ಜನರನ್ನು ನಾನು ಬಲ್ಲೆ.

ಯಂತ್ರದ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಮನಸ್ಸು ತಡೆಯದೆ ಬರೆಯುತ್ತೇನೆ. ಅದು ಸುಮಾರು 350 ವ್ಯಾಟ್ ಎಳೆಯುತ್ತದೆ. 150 ಆಂಪಿಯರ್ ಅವರ್‌ನ ಒಂದು ಇನ್ವರ್ಟರ್ ಬ್ಯಾಟರಿ ಹೊಸದಿದ್ದರೂ ಮೂರ್ನಾಲ್ಕು ಗಂಟೆಯ ಮಾತು, ಹಳತಾದರೆ ಇನ್ನೂ ಕಡಿಮೆ. ಫ್ಯಾನು, ಟಿವಿಗಳನ್ನು ಅದಕ್ಕೆ ಸೇರಿಸಬೇಡ. ಆಮ್ಲಜನಕದ ಒಂದು ಸಿಲಿಂಡರ್ ಮನೆಯಲ್ಲಿರಲೇಬೇಕು, ಅದಕ್ಕೆ ಕರೆಂಟಿನ ಹಂಗಿಲ್ಲ. 10 ಲೀಟರಿನ ಸಿಲಿಂಡರನ್ನು 150 ಬಾರ್ ಒತ್ತಡಕ್ಕೆ ತುಂಬಿಸಿದರೆ ಸುಮಾರು 1,500 ಲೀಟರ್ ಆಮ್ಲಜನಕ. ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆ ಬರುತ್ತದೆ. ಎಷ್ಟು ಹರಿಸಬೇಕೆಂಬುದನ್ನು ವೈದ್ಯರೇ ಹೇಳಲಿ. ಹತ್ತಿರದಲ್ಲಿ ದೀಪ ಹಚ್ಚಬೇಡ, ಮೇಣದಬತ್ತಿಯೂ ಬೇಡ, ಟಾರ್ಚ್ ಸಾಕು.

ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ಗಂಟೆಗಳಲ್ಲಿ ಖಾಲಿಯಾಗುತ್ತದೆ. ಆದ್ದರಿಂದ ಫೋನನ್ನೇ ನೆಚ್ಚಿಕೊಳ್ಳದೆ ಎದುರುಮನೆಯವರಿಗೆ, ಕೆಳಗಿನ ಕಾವಲುಗಾರನಿಗೆ ಅಕ್ಕನ ವಿಷಯ ಹೇಳಿಡು. ಕರೆಂಟು ಹೋದರೆ ಕರೆಯದಿದ್ದರೂ ಬಂದು ಬಾಗಿಲು ತಟ್ಟಿ ಎಂದು ಕೇಳಿಕೋ. ಲಿಫ್ಟ್ ನಿಂತರೆ ಸಿಲಿಂಡರನ್ನು ಮೆಟ್ಟಿಲು ಹತ್ತಿಸಲು ಒಂದಾಳು ಬೇಕಲ್ಲ. ಕೇಳಲು ಸಂಕೋಚವಾಗುತ್ತದೆ ಎಂದು ನೀನು ಬರೆಯುತ್ತೀಯೆ, ಗೊತ್ತು. ನೀನು ಅಕ್ಕನ ಮಗಳು. ನಿನ್ನ ಪರವಾಗಿ ನಾನೇ ಅವರಿಗೆ ಎರಡು ಸಾಲು ಬರೆಯಲೇ?

ಅರ್ಜಿ ಕೊಟ್ಟ ದಿನವೇ ಫೀಡರಿನ ಹೆಸರನ್ನು ನನಗೆ ಬರೆದು ತಿಳಿಸು. ಸಿಲಿಂಡರಿನ ಗೇಜಿನಲ್ಲಿ ಮುಳ್ಳು ಈಗ ಎಲ್ಲಿದೆ ಎಂಬುದನ್ನೂ ಬರೆ.

ನಿನ್ನ ಮಾವ