ಅವತ್ತು ಇಳಿಸದೆ ಮೇಲಕ್ಕೆತ್ತಿದ ಕ್ಯಾಪ್ಟನ್‌ಗೆ

ಭರಣಿ ಮಳೆ ನಮಗೆ ಬೇಕಾದ ಮಳೆ. ಮೂಡಿಗೆರೆ ಕಡೆ ಕಾಫಿ ತೋಟ ಇರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹೂಮಳೆ ಆದ ಮೇಲೆ ಇನ್ನೊಂದೆರಡು ಒಳ್ಳೆ ಮಳೆ ಬಿದ್ದರೆ ಕಾಯಿ ನಿಲ್ಲುತ್ತದೆ. ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಗುಡುಗಿದರೆ ನಾನು ಖುಷಿಪಡುವವನು. ಈ ವರ್ಷ ಮಾತ್ರ ಆ ಮಳೆಯನ್ನು ಮೇಲಿನಿಂದ ನೋಡಬೇಕಾಯಿತು.

ದೆಹಲಿಯಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದ ಅವ್ವನನ್ನು ವಾಪಸ್ ಕರೆದುಕೊಂಡು ಬರುತ್ತಿದ್ದೆ. ಹೋಗುವಾಗ ರೈಲಿನಲ್ಲಿ ಹೋಗಿದ್ದಳು. ಬರುವಾಗ ವಿಮಾನ, ಜೀವನದಲ್ಲಿ ಮೊದಲ ಸಲ. ಕಿಟಕಿ ಪಕ್ಕದ ಸೀಟು ಕೊಡಿಸಿದ್ದೆ. ಅಳಿಯ ಕೊಟ್ಟ ಸ್ವೀಟಿನ ಡಬ್ಬಿಯನ್ನು ಮೇಲೆ ಇಡಲು ಒಪ್ಪದೆ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಬೆಂಗಳೂರು ಹತ್ತಿರ ಬಂದಾಗ ಕತ್ತಲಾಗಿತ್ತು. ಮೋಡದೊಳಗೆ ಮಿಂಚಿದಾಗಲೆಲ್ಲ ರೆಕ್ಕೆ ಪೂರ್ತಿ ಕಾಣುತ್ತಿತ್ತು, ಬಗ್ಗಿ ಬಗ್ಗಿ ಏಳುತ್ತಿತ್ತು. ಇಪ್ಪತ್ತು ನಿಮಿಷ ಸುಮ್ನೆ ಸುತ್ತು ಹೊಡೆದೆವು. ಅವ್ವ ಕೇಳಿದಳು, 'ಚಾರ್ಮಾಡಿಲಿ ಮಂಜು ಬಿದ್ರೆ ಬಸ್ಸಿನ ಡ್ರೈವರ್ ಕೊಟ್ಟಿಗೆಹಾರದಲ್ಲಿ ನಿಲ್ಸಿ ಟೀ ಕುಡೀತಾನೆ. ಇವನೆಲ್ಲಿ ನಿಲ್ಲಿಸ್ತಾನೆ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಇಳಿಯಲು ಶುರುವಾಯಿತು. ಚಕ್ರ ಹೊರಗೆ ಬಂದ ಸದ್ದು ಕೇಳಿತು. ರಸ್ತೆಯ ಲಾರಿಗಳ ದೀಪ ಕಾಣುವಷ್ಟು ಕೆಳಗೆ ಬಂದಿದ್ದೆವು. ಒಂದು ಸಲ ಯಾರೋ ಕೆಳಗಿನಿಂದ ಎತ್ತಿದ ಹಾಗೆ, ಮರುಕ್ಷಣವೇ ಕೈಬಿಟ್ಟ ಹಾಗೆ ಆಯಿತು. ಹೊಟ್ಟೆ ಗಂಟಲಿಗೆ ಬಂತು. ಇನ್ನೇನು ನೆಲ ಮುಟ್ಟುತ್ತದೆ ಅನ್ನುವಾಗ ಎಂಜಿನ್ ಜೋರಾಗಿ ಅಬ್ಬರಿಸಿ, ಮೂತಿ ಎತ್ತಿ, ವಿಮಾನ ಮತ್ತೆ ಮೋಡದೊಳಗೆ ಹೋಯಿತು.

ಈಗ ತಪ್ಪೊಪ್ಪಿಗೆ. ಆ ಹೊತ್ತಿನಲ್ಲಿ ನಾನು ಕಿರುಚಿದೆ. 'ಇಳಿಸೋಕೆ ಬರಲ್ವಾ ಇವರಿಗೆ?' ಅಂತ ಕೇಳಿದೆ. ಎದುರಿನ ಪುಟ್ಟ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತಿದ್ದ ಗಗನಸಖಿಗೆ ನೇರವಾಗಿ ಕೇಳಿಸಿತು. ಆ ಹುಡುಗಿ ನನ್ನ ಕಡೆ ನೋಡಲೇ ಇಲ್ಲ. ಅವ್ವನನ್ನು ನೋಡಿ ಧಾರವಾಡದ ಮಾತಿನಲ್ಲಿ, 'ಏನೂ ಆಗೂದಿಲ್ರಿ ಅಮ್ಮಾರ, ಇನ್ನೊಂದ ಸುತ್ತ ಹೊಡೀತೈತಿ ಅಷ್ಟ' ಅಂದಳು. ಅವಳ ಕೈಯೂ ಬೆಲ್ಟನ್ನು ಬಿಗಿಯಾಗಿ ಹಿಡಿದಿತ್ತು, ನೋಡಿದೆ. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಮಾತಾಡಿದರು. ರನ್‌ವೇ ಹತ್ತಿರ ಗಾಳಿ ಒಮ್ಮೆಲೇ ತಿರುಗಿತು, ಮೋಡ ಸರಿಯಲಿ, ಮತ್ತೆ ಬರೋಣ ಅಂದರು. ಸಂತೆಯಲ್ಲಿ ಮೆಣಸಿನ ರೇಟು ಹೇಳುವಷ್ಟು ಸಲೀಸು.

ಎರಡನೇ ಸಲ ಇಳಿಯಿತು. ಧಡ್ ಅಂತ ಕುಟ್ಟಿತು. ಡಬ್ಬಿಯ ಮುಚ್ಚಳ ಹಾರಿ ಸ್ವೀಟೆಲ್ಲ ಅವ್ವನ ಕಾಲ ಕೆಳಗೆ ಚೆಲ್ಲಿತು. ಜನ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ನನಗಿನ್ನೂ ಸಿಟ್ಟು ಇಳಿದಿರಲಿಲ್ಲ.

ಸಿಟ್ಟು ಇಳಿಸಿದ್ದು ಅಕ್ಕನ ಮಗ. ಅವನಿಗೆ ವಿಮಾನ ರಿಪೇರಿ ವಿಭಾಗದಲ್ಲಿ ಕೆಲಸ. ಊರ ಸುಗ್ಗಿಗೆ ಬಂದಾಗ ನಾನು ಇದನ್ನೆಲ್ಲ ದೊಡ್ಡ ದೂರಿನ ಹಾಗೆ ಹೇಳಿದೆ. ಅವನು ನಗಲಿಲ್ಲ.

'ಮಾವ, ಗುಡುಗು ಮೋಡದ ಕೆಳಗೆ ಕೆಲವೊಮ್ಮೆ ಗಾಳಿ ಕೊಡ ಬಗ್ಗಿಸಿದ ಹಾಗೆ ಸುರಿಯುತ್ತೆ. ನೆಲಕ್ಕೆ ಬಡಿದು ಸುತ್ತಲೂ ಹರಡುತ್ತೆ. ಅದರೊಳಗೆ ಹೋದ ವಿಮಾನಕ್ಕೆ ಮೊದಲು ಎದುರು ಗಾಳಿ, ಮೇಲಕ್ಕೆತ್ತುತ್ತೆ. ಆಚೆ ಕಡೆ ಅದೇ ಗಾಳಿ ಹಿಂದಿನಿಂದ, ರೆಕ್ಕೆಯ ಬಲವನ್ನೇ ಕಿತ್ತುಕೊಳ್ಳುತ್ತೆ' ಅಂದ. 1985ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ದೊಡ್ಡ ವಿಮಾನವೊಂದು ಹೀಗೇ ರನ್‌ವೇಗೆ ಮೊದಲೇ ನೆಲಕ್ಕೆ ಬಡಿಯಿತಂತೆ. ಈಗಿನ ವಿಮಾನಗಳಲ್ಲಿ ಇಂಥ ಗಾಳಿಯ ಎಚ್ಚರಿಕೆ ಕೊಡುವ ಉಪಕರಣ ಇರುತ್ತದೆ. ಎಚ್ಚರಿಕೆ ಬಂದರೆ ಇಳಿಸೋಣವಾ ಬೇಡವಾ ಅಂತ ಯೋಚನೆ ಮಾಡುವ ಹಾಗಿಲ್ಲ. ಫುಲ್ ಪವರ್, ಮೇಲಕ್ಕೆ.

ಗಾಳಿ ಅಷ್ಟು ಕೆಟ್ಟದಾಗಿ ಇಲ್ಲದಿದ್ದರೂ ಒಂದು ಲೆಕ್ಕ ಇದೆಯಂತೆ. ಮೋಡದೊಳಗೆ ಬರುವಾಗ ಸಾಮಾನ್ಯವಾಗಿ 1000 ಅಡಿ ಎತ್ತರಕ್ಕೆ ಇಳಿಯುವಷ್ಟರಲ್ಲಿ ವೇಗ, ಇಳಿಜಾರು, ಚಕ್ರ ಎಲ್ಲವೂ ಸರಿಯಾಗಿ ಕೂತಿರಬೇಕು. ಇಲ್ಲದಿದ್ದರೆ ಮತ್ತೊಂದು ಸುತ್ತು. ಅದಕ್ಕೆ 'ಗೋ ಅರೌಂಡ್' ಅನ್ನುತ್ತಾರೆ. ಅದು ಸೋಲಲ್ಲ, ಪ್ರತಿ ಸಲ ಇಳಿಯುವಾಗಲೂ ಅದಕ್ಕೆ ತಯಾರಾಗಿಯೇ ಬರುತ್ತಾರೆ. ಸುತ್ತಲು, ಆಗದಿದ್ದರೆ ಬೇರೆ ಊರಿಗೆ ಹೋಗಲು, ಅಲ್ಲಿಯೂ ಅರ್ಧ ಗಂಟೆ ಕಾಯಲು ಇಂಧನ ತುಂಬಿಸಿಕೊಂಡೇ ಹೊರಡುತ್ತಾರೆ. ಅವ್ವನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಆ ಇಂಧನವೇ ಅವರ ಕೊಟ್ಟಿಗೆಹಾರ.

ಆಮೇಲೆ ಅವನು ಬಜ್ಪೆಯ ಮಾತು ತೆಗೆದ. ಘಾಟಿ ಇಳಿದರೆ ಸಿಗುವ ಮಂಗಳೂರಿನ ವಿಮಾನ ನಿಲ್ದಾಣ ಅದು. 2010ರ ಮೇ 22ರ ಬೆಳಿಗ್ಗೆ ಟಿವಿ ಮುಂದೆ ಕೂತಿದ್ದು ನಮಗೆಲ್ಲ ನೆನಪಿದೆ. ದುಬೈನಿಂದ ಬಂದ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು 8 ಜನ. ಅವತ್ತು ಮಳೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ವಿಮಾನ ಎತ್ತರ ಜಾಸ್ತಿ ಇಟ್ಟುಕೊಂಡು ಬಂದಿತ್ತು. ಸಹ ಪೈಲಟ್ 'ಗೋ ಅರೌಂಡ್' ಅಂತ ಹೇಳಿದ್ದರು, ಆದರೂ ಇಳಿಸಲಾಯಿತು ಎಂದು ತನಿಖೆಯಲ್ಲಿ ಬಂತು. ಇದನ್ನು ಕೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಅಂಗಳಕ್ಕೆ ಹೋಗಿ ನಿಂತೆ.

ಕುಟ್ಟಿದ್ದಕ್ಕೂ ಕಾರಣ ಇತ್ತು. ನೀರು ನಿಂತ ರನ್‌ವೇಯಲ್ಲಿ ನಯವಾಗಿ ಇಳಿಸಿದರೆ ಟೈರು ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಬೇಕೆಂದೇ ಒತ್ತಿ ಇಳಿಸುತ್ತಾರೆ. ವಿಮಾನ ಓರೆಯಾಗಿ ಬಂದದ್ದೂ ಬೇಕೆಂದೇ. ಹೇಮಾವತಿಯಲ್ಲಿ ತೆಪ್ಪ ದಾಟಿಸುವವನು ಮೂತಿಯನ್ನು ಹರಿವಿನ ಎದುರಿಗೆ ತಿರುಗಿಸಿಟ್ಟುಕೊಳ್ಳುತ್ತಾನಲ್ವಾ, ಹಾಗೆ. ಅಡ್ಡಗಾಳಿಗೆ ಮೂತಿ ಕೊಟ್ಟು ಬಂದು, ನೆಲ ಮುಟ್ಟುವ ಹೊತ್ತಿಗೆ ನೆಟ್ಟಗೆ ಮಾಡಬೇಕು. ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ, ರಾತ್ರಿ, ಮಳೆಯಲ್ಲಿ. ನನಗೆ ಪಿಕಪ್ಪನ್ನು ತೋಟದ ಕೆಸರಲ್ಲಿ ರಿವರ್ಸ್ ತೆಗೆಯಲು ಬರಲ್ಲ.

ಹಾಗಾಗಿ ಈ ಬರಹ. ಕ್ಯಾಪ್ಟನ್ ಅವರೇ, ನಿಮ್ಮ ಹೆಸರು ಗೊತ್ತಿಲ್ಲ. ಇಳಿಯುವಾಗ ಬಾಗಿಲ ಹತ್ತಿರ ನಿಂತಿದ್ದಿರಿ, ಶರ್ಟಿನ ಬೆನ್ನು ಒದ್ದೆಯಾಗಿತ್ತು. ಅವ್ವ ಕೈ ಮುಗಿದಳು, ನಾನು ಮುಖ ತಿರುಗಿಸಿಕೊಂಡು ಬಂದೆ. ತಪ್ಪಾಯಿತು. ಕಾಫಿ ಮೂಟೆಯಷ್ಟು ಭಾರದ ಮಾತು ಇದು, ಈಗ ಇಳಿಸುತ್ತಿದ್ದೇನೆ. ನಿಮ್ಮ ಪಕ್ಕ ಕೂತಿದ್ದ ಸಹ ಪೈಲಟ್‌ಗೂ, ಆ ಮಳೆಯಲ್ಲಿ ಅಷ್ಟೂ ವಿಮಾನಗಳನ್ನು ಒಂದರ ಮೇಲೊಂದು ಸುತ್ತಿಸಿ ಒಂದೊಂದಾಗಿ ಇಳಿಸಿದ ಕಂಟ್ರೋಲ್ ರೂಮಿನವರಿಗೂ ನಮಸ್ಕಾರ. ಧಾರವಾಡದ ತಂಗೀ, ನಿನಗೆ ಜಾಸ್ತಿ. ನೀನು ಕೊನೆಗೆ ಮಂಡಿಯೂರಿ ಕೂತು ಚೆಲ್ಲಿದ ಸ್ವೀಟನ್ನೆಲ್ಲ ಬಾಚಿ ಕೊಟ್ಟೆ.

ಮೂರು ಗಂಟೆ ಕಾದು, ವೇಟಿಂಗ್ ಚಾರ್ಜ್ ಕೇಳದೆ, ಬೆಳಗಿನ ಜಾವಕ್ಕೆ ಹಾಸನ, ಬೇಲೂರು ದಾಟಿಸಿ ಮನೆ ತಲುಪಿಸಿದ ಟ್ಯಾಕ್ಸಿ ಅಣ್ಣನಿಗೂ ಥ್ಯಾಂಕ್ಸ್. ಬೇಲೂರಿನ ಆಚೆ ರಸ್ತೆಗೆ ಮರ ಬಿದ್ದಿತ್ತು. ಅವರೂ ಗಾಡಿ ನಿಲ್ಲಿಸಿ, ಇಳಿದು ನೋಡಿ, ತಿರುಗಿಸಿಕೊಂಡು ಬೇರೆ ದಾರಿ ಹಿಡಿದರು. ಆಗ ನಾನು ಏನೂ ಅನ್ನಲಿಲ್ಲ.

ಕ್ಯಾಪ್ಟನ್ ಅವರೇ, ನೀವು ಇದನ್ನು ಓದಿದರೆ ಒಂದು ಮಾತು ತಿಳಿಸಿ. ಅವ್ವ ನಿಮಗೆಂದು ಒಂದು ಕೆಜಿ ಕಾಫಿ ಪುಡಿ ಮಾಡಿಸಿ ಕಟ್ಟಿಟ್ಟಿದ್ದಾಳೆ. ನಮ್ಮ ತೋಟದ್ದೇ. ಚಿಕೋರಿ ಹಾಕಿಸಿಲ್ಲ.